ಕಿಲ್ಟಿಗೆ ಹೊಲಿದ ನಂಬರ್

ರೀ,

ನೀವು ಏಳೋ ಹೊತ್ತಿಗೆ ನಾನು ಫರೀದಾಬಾದಿನ ಶಾಲೆಗೆ ಹೊರಟಿರ್ತೀನಿ. ಸಾರು ಬಿಸಿ ಮಾಡ್ಕೊಳ್ಳಿ.

ನಿಮ್ಮ ಪ್ಲಾನ್ ಓದಿದೆ. ರೆಜಿಮೆಂಟಿನ ಹಳೇ ಪೈಪ್ ಬ್ಯಾಂಡಿನವರೆಲ್ಲ ಕಿಲ್ಟ್ ಅನ್ನೋ ಆ ಮಂಡಿಯುದ್ದದ ಚೌಕಳಿ ಲಂಗ ಉಟ್ಟು ಹಿಮಾಚಲದ ಸ್ಪಿತಿಯ ಬೆಟ್ಟ ಹತ್ತುತ್ತೀರಂತೆ. ಅಚ್ಛಾ! ಅರವತ್ತೆರಡರ ಮಂಡಿಗೆ ಆ ಚಳಿ ಬೇರೆ. ಒಳಗೆ ಉಣ್ಣೆ ಚಡ್ಡಿ ಹಾಕಲೇಬೇಕು, ಕಿಲ್ಟಿನೊಳಗೆ ಏನೂ ಹಾಕೋ ರೂಢಿಯಿಲ್ಲ ಅನ್ನಬೇಡಿ.

ಹೋದ ವರ್ಷ ಹೀಗೇ ಕಿಲ್ಟ್ ಉಟ್ಟು ಒಬ್ಬರೇ ಹೋಗಿದ್ದ ನಿಮ್ಮ ಬ್ಯಾಂಡಿನ ನಾಚಪ್ಪ ಜಾರಿ ಬಿದ್ದು ಪ್ರಜ್ಞೆ ತಪ್ಪಿದರು. ಬ್ಯಾಗು ಕಣಿವೆಗೆ ಹೋಯ್ತು, ಕಿಲ್ಟಿಗೋ ಜೇಬಿಲ್ಲ. ಅವರು ಯಾರು ಅಂತ ತಿಳಿಯೋಕೇ ಮೂರು ದಿನ ಹಿಡೀತು.

ಅದಕ್ಕೇ ನಿಮ್ಮ ಕಿಲ್ಟಿನ ಒಳಪಟ್ಟಿಗೆ ಹೆಸರು, ಬ್ಲಡ್ ಗ್ರೂಪ್, ನನ್ನ ನಂಬರ್ ಬರೆದ ಬಟ್ಟೆ ಹೊಲಿದಿದ್ದೀನಿ. ಎರಡು ಸಲ ಸೂಜಿ ಚುಚ್ಚಿಕೊಂಡೆ. ಬಿಚ್ಚಬೇಡಿ.

ದಿನಾ ಸಂಜೆ ಆ ನಂಬರಿಗೆ ನೀವೇ ಫೋನ್ ಮಾಡಿ. ಬೇರೆ ಯಾರಾದರೂ ಆ ಬಟ್ಟೆ ಓದಿ ಮಾಡಿದರೆ ನಾನು ಎತ್ತೋಲ್ಲ.

ಚೋಂದಮ್ಮ