ಗುರುವಾರದ ಟ್ಯಾಂಕಿನಿಂದ ಮುತ್ಯಾನಿಗೆ

ಗದಗ, ಮೇಲ್ಗಾಳಿ ಓಣಿ
೨೧೯೩ನೇ ಇಸವಿ, ಫೆಬ್ರವರಿ ಮೂವತ್ತು

ಪೂಜ್ಯ ಮುತ್ಯಾ ವೀರಭದ್ರಪ್ಪನವರಿಗೆ ಫಕೀರವ್ವಳ ಶರಣು.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾರ ಲೆಕ್ಕಕ್ಕೂ ಇಲ್ಲ, ಉಂಡು ಮಲಗುವುದಕ್ಕೆ. ನನ್ನ ಮಾತುಗಳೂ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ನನಗೆ ಐವತ್ತೆರಡು, ನಿಮಗಿನ್ನೂ ಮೂವತ್ತೆಂಟು. ಹಾಗಿದ್ದರೂ ಏಳು ತಲೆಮಾರಿನ ಹಿಂದಿನವರನ್ನು ಮುತ್ಯಾ ಎನ್ನದೆ ಮತ್ತೇನನ್ನಲಿ. ಈ ಕಾಗದ ಬರುತ್ತಿರುವುದು ಹಿಂದಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲಿನಲ್ಲಿ. ಒಬ್ಬರಿಗೆ ಜನ್ಮಕ್ಕೆ ಒಂದೇ ಕಾಗದ, ಅದೂ ಸ್ವಂತ ವಂಶದವರಿಗೆ. ನನ್ನ ತಮ್ಮ ತನ್ನದನ್ನು ಯಾವುದೋ ಅಜ್ಜಿಗೆ ಉಪ್ಪಿನಕಾಯಿಯ ಹದ ಕೇಳಿ ಬರೆದ. ಉತ್ತರ ಬರುವ ದಾರಿಯೇ ಇಲ್ಲವೆಂಬುದು ಅವನಿಗೆ ಆಮೇಲೆ ಹೊಳೆಯಿತು. ನಾನು ನನ್ನದನ್ನು ನಿಮಗಾಗಿ ಇಟ್ಟುಕೊಂಡೆ. ನೀವು ಮೂರು ಗುರುವಾರ ಸ್ಟೇಷನ್ ರಸ್ತೆಯ ಶಾಲೆಯ ತನಕ ಹೋಗಿ, ಕುಡಿತ ಬಿಟ್ಟವರು ಕೂಡುವ ಕೋಣೆಯನ್ನು ಗೇಟಿನಿಂದಲೇ ನೋಡಿ, ಸ್ಕೂಟರ್ ತಿರುಗಿಸಿಕೊಂಡು ಬಂದಿದ್ದೀರಿ. ನಾಲ್ಕನೆಯ ಗುರುವಾರ ನೀವು ಒಳಗೆ ಹೋಗಬೇಕು. ಈ ಕಾಗದ ಅದಕ್ಕೇ.

ನಾನು ಗಾಳಿಮರ ಹತ್ತಿ ಗ್ರೀಸ್ ಹಚ್ಚುವವಳು. ನಿಮ್ಮ ಕಾಲದಲ್ಲಿ ಗುಡ್ಡದ ಮೇಲೆ ತಿರುಗುತ್ತಿದ್ದ ಫ್ಯಾನುಗಳು ಈಗ ಓಣಿಗೊಂದಿವೆ, ಅವೇ ಗಾಳಿಮರ. ಹನ್ನೊಂದರಿಂದ ನಾಲ್ಕರವರೆಗೆ ನಮ್ಮಲ್ಲಿ ಬಿಸಿಲುನಿದ್ದೆ. ಆ ಹೊತ್ತಿನಲ್ಲಿ ಹೊರಗೆ ಕಾಲಿಡುವಂತಿಲ್ಲ, ಊರೆಲ್ಲ ಕದ ಹಾಕಿ ಮಲಗುತ್ತದೆ. ನಾನು ಮಾತ್ರ ಮಲಗದೆ ಕುಡಿಯುತ್ತಿದ್ದೆ. ಹನ್ನೊಂದು ವರ್ಷ, ಕಚೇರಿಗೆ ಗೊತ್ತಾಗದ ಹಾಗೆ. ಮೊಮ್ಮಗಳು ಹುಟ್ಟಿದಾಗ ನನ್ನ ಮಗಳು ಚನ್ನಬಸವ್ವ ಕೂಸನ್ನು ನನ್ನ ಕೈಗೆ ಕೊಡಲಿಲ್ಲ. "ಬ್ಯಾಡ ಯವ್ವಾ, ನಿನ್ನ ಕೈ ನಡಗತಾವು," ಅಂದಳು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವಳು ಮೆಲ್ಲಗೆ ಹೇಳಿದಳು, ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

ಕುಡಿತ ಬಿಟ್ಟವರು ಗ್ರಂಥಾಲಯದ ಹಿಂದೆ ಸಂಜೆ ಐದಕ್ಕೆ ದುಂಡಗೆ ಕೂತಿರುತ್ತಾರೆ ಎಂದು ಯಾರೋ ಹೇಳಿದ್ದರು. ಹೋದೆ. ಹನ್ನೆರಡು ಜನ ದುಂಡಗೇ ಕೂತಿದ್ದರು, ಎಲ್ಲರ ಕಣ್ಣೂ ಕೆಂಪು. ಇವರೇ ನಮ್ಮವರು ಅಂದುಕೊಂಡು, ಧೈರ್ಯ ಆರುವ ಮೊದಲೇ ಎದ್ದು ನಿಂತು, "ನಾ ಫಕೀರವ್ವ. ಗಾಳಿಮರದ ಕೆಲಸದಾಕಿ. ಕುಡೀತೀನ್ರಿ, ಬಿಡಾಕ ಆಗವಲ್ದು," ಅಂದುಬಿಟ್ಟೆ. ಅದು ಗಾಳಿಮರದ ಸದ್ದಿಗೆ ಬಿಸಿಲುನಿದ್ದೆ ಕೆಟ್ಟವರ ಸಂಘ. ಕಾರ್ಯದರ್ಶಿ ಗಂಭೀರವಾಗಿ ತಲೆಯಾಡಿಸಿ, ಅವರು ಬರೆಯುತ್ತಿದ್ದ ದೂರಿನ ಅರ್ಜಿಯಲ್ಲಿ ಐದನೆಯ ಕಲಮು ಬರೆದುಕೊಂಡ: ಸದ್ದು ತಾಳಲಾರದೆ ಗಾಳಿಮರದ ಸಿಬ್ಬಂದಿಯೇ ಕುಡಿತಕ್ಕೆ ಬಿದ್ದಿರುತ್ತಾರೆ. ಆ ಅರ್ಜಿ ಹೋಗುವುದು ನನ್ನದೇ ಕಚೇರಿಗೆ. ಆಗ ಮೂಲೆಯಲ್ಲಿದ್ದ ಇಮಾಮಸಾಬ ಎಂಬ ಅಜ್ಜ ಎದ್ದು ಬಂದು, "ಇದು ಅರ್ಜಿಗೆ ಬರಿಯೂ ಮಾತಲ್ರೀ," ಎಂದು ಆ ಸಾಲು ಹೊಡೆದುಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, "ನಾಳಿ ಗುರುವಾರ, ನನ್ನ ಕೂಡ ಬಾರವ್ವಾ. ನಾ ಬಿಟ್ಟು ಹತ್ತೊಂಬತ್ತು ವರ್ಷಾತು. ನಿದ್ದಿ ಮಾತ್ರ ಇನ್ನೂ ಬರವಲ್ದು," ಅಂದರು.

ಗುರುವಾರದವರು ಕೂಡುವುದು ನೆಲದಡಿಯ ಹಳೆಯ ನೀರಿನ ಟ್ಯಾಂಕಿನಲ್ಲಿ. ನೀರು ಬತ್ತಿದೆ, ತಂಪು ಉಳಿದಿದೆ. ಇಳಿಯಲು ಹನ್ನೆರಡು ಮೆಟ್ಟಿಲಿನ ಏಣಿ. ದಿನಾ ಮುಗಿಲೆತ್ತರ ಹತ್ತುವ ನಾನು ಆ ಹನ್ನೆರಡು ಮೆಟ್ಟಿಲನ್ನು ಒಂದೊಂದಾಗಿ ಎಣಿಸುತ್ತ ಇಳಿದೆ. ಅಲ್ಲಿ ಹೊಸಬರು ಮಾತಾಡಬೇಕಿಲ್ಲ, ಆಣೆ ಪ್ರಮಾಣ ಇಲ್ಲ. ಒಂದು ಬುಟ್ಟಿ ಶೇಂಗಾ ಮುಂದಿಡುತ್ತಾರೆ, ಸುಲಿಯಬೇಕು. ಎಲ್ಲರೂ ಸುಲಿಯುತ್ತಿರುವುದರಿಂದ ಯಾರ ಕೈ ನಡುಗುತ್ತದೆಂದು ಯಾರೂ ನೋಡುವುದಿಲ್ಲ. ಸಣ್ಣ ಮಾತೂ ಟ್ಯಾಂಕಿನಲ್ಲಿ ಗುಂಯ್ ಎನ್ನುವುದರಿಂದ ಎಲ್ಲರದೂ ಮೆಲುದನಿ. ಆರು ವಾರ ನಾನು ಬರೀ ಸುಲಿದೆ, ಏಳನೆಯ ವಾರ ಬಾಯಿ ಬಿಟ್ಟೆ. ನಡುವೆ ಒಮ್ಮೆ ಮತ್ತೆ ಕುಡಿದುಬಿಟ್ಟು, ನಾಚಿಕೆಯಿಂದ ಹದಿನೈದು ದಿನ ಮುಖ ತೋರಿಸಲಿಲ್ಲ. ಮತ್ತೆ ಹೋದಾಗ ಇಮಾಮಸಾಬಜ್ಜ, "ಎರಡು ವಾರದ್ದು ಹಂಗ ಉಳದೈತಿ ನೋಡು," ಎಂದು ಬುಟ್ಟಿ ತಳ್ಳಿದರು. ನಗು ಬಂತು, ಅಳುವೂ ಬಂತು, ಸುಲಿಯುತ್ತ ಕೂತೆ.

ಏಳು ತಿಂಗಳಾದ ಮೇಲೆ ಒಂದು ಬೆಳಗ್ಗೆ ಚನ್ನಬಸವ್ವ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ ರೊಟ್ಟಿ ಬಡಿಯಲು ಒಳಗೆ ಹೋದಳು. ತಿರುಗಿ ನೋಡಲಿಲ್ಲ. ಈಗ ಬಿಸಿಲುನಿದ್ದೆಗೆ ಕೂಸು ನನ್ನ ಮಗ್ಗುಲಲ್ಲೇ, ಈ ಕಾಗದ ಬರೆಯುವಾಗಲೂ ನನ್ನ ಸೆರಗು ಜಗಿಯುತ್ತಿದೆ. ಆಸೆ ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲವಂತೆ. ಆದರೂ ನಾನು ಸುಖವಾಗಿದ್ದೇನೆ ಮುತ್ಯಾ.

ನೀವು ಕೊನೆಗೆ ಒಳಗೆ ಹೋದಿರೋ ಇಲ್ಲವೋ ನಮಗೆ ಗೊತ್ತಿಲ್ಲ. ಹೋಗದಿದ್ದರೂ ನಾನಂತೂ ಹುಟ್ಟಿದ್ದೇನೆ, ಆದ್ದರಿಂದ ಇದು ಸ್ವಾರ್ಥದ ಮಾತಲ್ಲ. ಮೂರು ಗುರುವಾರದ ಸಂಗತಿ ಬಂದದ್ದು ನಿಮ್ಮ ಮಗಳು ಕಸ್ತೂರಿಯಿಂದ. ಆಕೆಯ ಟ್ಯೂಷನ್ ಆ ಶಾಲೆಯ ಎದುರಿಗೇ. ಮೂರು ಸಲವೂ ಕಿಟಕಿಯಿಂದ ನೋಡಿದ್ದಳಂತೆ. ಏಳು ಬಾಯಿ ದಾಟಿ ಬರುವಷ್ಟರಲ್ಲಿ ಕತೆಯ ಉಳಿದ ಅರ್ಧ ಎಲ್ಲೋ ಬಿದ್ದುಹೋಗಿದೆ. ಇಷ್ಟು ಮಾತ್ರ ಉಳಿದಿದೆ: ನಿಮ್ಮ ಸ್ಕೂಟರ್ ಓಣಿಗೆ ಬಂದದ್ದು ಕೇಳಿದ ಕೂಡಲೇ ಆ ಎಂಟು ವರ್ಷದವಳು ಪುಸ್ತಕ ಎತ್ತಿಕೊಂಡು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ನೀವು ಗಮನಿಸಿರಲಿಕ್ಕಿಲ್ಲ.

ಒಳಗೆ ಹೋಗಿ. ಕೋಣೆ ತಪ್ಪಿದರೂ ಚಿಂತೆಯಿಲ್ಲ, ಯಾರಾದರೂ ದಾರಿ ತೋರಿಸುತ್ತಾರೆ. ಮುಂದಿನ ವಾರವೂ ಹೋಗಿ. ಕಸ್ತೂರಿ ಕೂಡಲೇ ನಂಬುವುದಿಲ್ಲ, ಮಕ್ಕಳಿಗೆ ಹೊತ್ತು ಹಿಡಿಯುತ್ತದೆ. ಆದರೆ ಒಂದು ಸಂಜೆ ನೀವು ಮನೆಗೆ ಬಂದಾಗ ಆಕೆ ಪಡಸಾಲೆಯಲ್ಲೇ ಕೂತು ಓದುತ್ತಿರುತ್ತಾಳೆ, ತಲೆಯೆತ್ತಿ ನೋಡುವುದೂ ಇಲ್ಲ. ಆಗ ಏನೂ ಮಾತಾಡಬೇಡಿ. ಚಪ್ಪಲಿ ಬಿಟ್ಟು ಸುಮ್ಮನೆ ಒಳಗೆ ಬನ್ನಿ.

ನಿಮ್ಮ ವಂಶದವಳು,
ಫಕೀರವ್ವ