ಕೂಲಿ ಒಲ್ಲದವಳಿಗೆ ಉಣ್ಣೆಯ ಉಡಿ

ಅಕ್ಕನಿಗೆ ನಮಸ್ಕಾರ. ಜತ್ತ ತಾಲೂಕಿನ ಸನಮಡಿಯಲ್ಲಿ ಕಂಬಳಿ ಸಂಘದ ಕೆಲಸ ಹಿಡಿದಿದ್ದೇನೆ. ನಾನಿರುವ ಚಂದ್ರಾಬಾಯಿಯವರ ಮನೆಯಲ್ಲೇ ಪೋಲೆಂಡಿನಿಂದ ಉಣ್ಣೆ ಕೊಳ್ಳಲು ಬಂದ ಹಾನಾ ಇಳಿದುಕೊಂಡಿದ್ದಾಳೆ. ವಿದೇಶಿ ವ್ಯಾಪಾರಿಗಳೆಲ್ಲ ಲೂಟಿಗಾರರು ಎನ್ನುತ್ತವೆ ನಾನು ಓದುವ ಚಳವಳಿಯ ಕಿರುಪುಸ್ತಕಗಳು. ಇವಳು ನಿನ್ನೆ ಕಲಿಯುವ ಆಸೆಯಿಂದ ದಿನವಿಡೀ ನಮ್ಮೊಡನೆ ಕುರಿಗಳ ಉಣ್ಣೆ ಕತ್ತರಿಸಿದಳು. ಕತ್ತರಿ ಹಿಡಿದವರನ್ನು ಬರಿಗೈಯಲ್ಲಿ ಕಳಿಸುವುದು ಈ ಮನೆಗೆ ಅವಮಾನ. ಆದರೂ ಚಂದ್ರಾಬಾಯಿ ಕೊಟ್ಟ ಕೂಲಿಯನ್ನು ಹಾನಾ ಮುಟ್ಟಲಿಲ್ಲ.

"ನಮ್ಮ ಕೂಲಿ ಇಕಿಗಿ ಹೊಲಸ ಆತೇನಪಾ? ಉಣ್ಣಿ ಮಾರಂಗಿಲ್ಲ ಅಂತ ಹೇಳ ಇಕಿಗಿ" ಎಂದು ಅವರು ಎದ್ದೇಬಿಟ್ಟರು.

ಅವಳದು ವ್ಯಾಪಾರದ ವೀಸಾ, ಕೂಲಿ ಪಡೆದರೆ ಅದು ರದ್ದಾದೀತು ಎಂದು ನಾನು ಬಿಡಿಸಿ ಹೇಳಿದೆ. ಯಾರೂ ನೋಡದ ಅಡವಿಯಲ್ಲೂ ನಮ್ಮ ದೇಶದ ಕಾನೂನು ಪಾಲಿಸಿದ ಅವಳ ಮೇಲೆ ನನಗೆ ಗೌರವ ಹುಟ್ಟಿತು. ಚಂದ್ರಾಬಾಯಿ ಅವಳಿಗಿಂತ ಒಂದು ಕೈ ಮೇಲು.

"ಕೂಲಿ ಬ್ಯಾಡಂದ್ರ ಬಿಡು. ಹೆಣ್ಮಗಳಿಗಿ ಉಡಿ ತುಂಬಬ್ಯಾಡ ಅಂತ ಯಾವ ಸರಕಾರ ಹೇಳತೈತಿ?" ಎಂದು ಅಕ್ಕಿ, ಕೊಬ್ಬರಿಯ ಮೇಲೆ ಒಂದು ಬೊಗಸೆ ಕರಿ ಉಣ್ಣೆ ಸುರಿದರು. ಸೀರೆ ಉಡದ ಹಾನಾ ಅಂಗಿಯ ಚುಂಗನ್ನೇ ಒಡ್ಡಿದಳು.

ನನ್ನ ಕೆಮ್ಮು ವಾಸಿಯಾಗಿದೆ, ಅವ್ವನಿಗೆ ಹೇಳು. ಅಂಗಳದಲ್ಲಿ ಹಾನಾಳಿಗೆ ಉಣ್ಣೆ ತೂಗಿಕೊಡಲು ಚಂದ್ರಾಬಾಯಿಯೇ ತಕ್ಕಡಿ ಹಿಡಿದು ಕೂಗುತ್ತಿದ್ದಾರೆ. ಓಡುತ್ತೇನೆ.

ನಿನ್ನ ತಮ್ಮ,
ಮಹಾಂತ