ಬೆಲೆ ಹೇಳದೆ ಹಂಚಿದ ಪುಸ್ತಕ

ದಿಗ್ಗೇವಾಡಿ
ಅಕ್ಟೋಬರ್ ೭, ೨೦೧೨

ಬಂಗಾರದಂಥ ಮೊಮ್ಮಗಳು ತ್ರಿಶಲಾಗೆ,

ನಿನ್ನ ಅಜ್ಜಿ ಪದ್ಮವ್ವನ ಆಶೀರ್ವಾದ. ಇಲ್ಲಿ ನನ್ನ ಮೊಣಕಾಲೊಂದನ್ನು ಬಿಟ್ಟು ಉಳಿದವರೆಲ್ಲ ನೆಟ್ಟಗಿದ್ದಾರೆ. ಕಾಗದ ಕಂಡು ಹೆದರಬೇಡ, ಯಾರೂ ಸತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅವ್ವ ಮಂಗಲ ಒಲೆಯ ಮೇಲಿನ ರೊಟ್ಟಿ ಬಿಟ್ಟು ಬಂದು ಬಾಜೂಕೆ ನಿಲ್ಲುತ್ತಾಳೆ. ನಾನು ಕಲಿತದ್ದು ಮೂರನೆಯ ಇಯತ್ತೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಮೊನ್ನೆ ನೀನು ಫೋನ್ ಮಾಡಿ, ಮಾರಲು ಕಳಿಸಿದ ನಿನ್ನ ಕತೆಗಳ ಪುಸ್ತಕ ಎಷ್ಟು ಹೋದವು ಎಂದು ಕೇಳಿದೆ. ಎಲ್ಲಾ ಖಾಲಿ ಎಂದೆ. ಆ ಕಡೆ ನೀನು ಕುಣಿದದ್ದು ನನಗೆ ಇಲ್ಲಿಗೇ ಕೇಳಿಸಿತು. ಈ ಡಬ್ಬಿಯ ಪುಸ್ತಕವೆಲ್ಲ ಮಾರಾಟವಾದರೆ ನಿನ್ನ ಕಾದಂಬರಿಯನ್ನು ಪ್ರಕಾಶಕರು ತಾವೇ ಖರ್ಚು ಹಾಕಿ ಅಚ್ಚು ಮಾಡುತ್ತಾರೆ, ಇಲ್ಲವಾದರೆ ಮುಟ್ಟುವುದಿಲ್ಲ, ಈಗಲೇ ಅವರಿಗೆ ಹೇಳುತ್ತೇನೆ ಎಂದೆ ನೀನು. ಖಾಲಿಯಾದದ್ದು ಖರೆ, ತ್ರಿಶಲಾ. ಮಾರಿದ್ದಲ್ಲ. ಅವರಿಗೆ ಇನ್ನೂ ಹೇಳಿಲ್ಲವಾದರೆ ಹೇಳಬೇಡ. ಹೇಳಿದ್ದರೆ ಏನು ಮಾಡಬೇಕೋ ನನಗೆ ತಿಳಿಯದು.

ನಡೆದದ್ದು ಹೀಗೆ. ನಿನ್ನ ಅಪ್ಪ ವೃಷಭ ಡಬ್ಬಿಯನ್ನು ಬಸ್ಸಿನಿಂದ ಇಳಿಸಿಕೊಂಡು ಬಂದವನೇ ಪಡಸಾಲೆಯಲ್ಲಿ ಕುಕ್ಕಿದ. "ಚಿಕ್ಕೋಡ್ಯಾಗ ಸಾಲಿ ಮಾಸ್ತರಕಿ ಬಿಟ್ಟು ಧಾರವಾಡಕ್ಕ ಹೋಗಿದ್ದು ಇದಕ್ಕೇನ? ಮನಿ ತುಂಬ ರದ್ದಿ ಮಾಡಾಕತ್ತಾಳ" ಎಂದ. ನನಗೆ ಸಿಟ್ಟು ಬಂತು. ನಿನ್ನ ಕೈಲಿ ಆಗದಿದ್ದರೆ ನಾನು ಮಾರುತ್ತೇನೆ ನೋಡು ಎಂದು ಅವನಿಗೆ ಹೇಳಿದೆ. ಫೇಸ್‌ಬುಕ್ಕಿನಲ್ಲಿ ಪುಸ್ತಕ ಹಾಕಿದ್ದೇನೆ ಅಂತ ನೀನು ಹೇಳಿದ್ದೆ. ಅಲ್ಲಿ ಹಾಕಿದ ಮೇಲೆ ಡಬ್ಬಿಯಲ್ಲಿ ಬಂದದ್ದು ಯಾವುದು ಅಂತ ಸ್ವಲ್ಪ ಗೊಂದಲವಾಯಿತು, ಆದರೆ ಕೇಳಲಿಲ್ಲ. ದಶಲಕ್ಷಣ ಪರ್ವದ ಕಡೆಯ ದಿನ ಊರಿನ ಜೈನ ಮಂದಿಯೆಲ್ಲ ಬಸದಿಗೆ ಬರುತ್ತಾರಲ್ಲ, ಬಾಗಿಲ ಹೊರಗೆ ಕಟ್ಟೆಯ ಮೇಲೆ ಬಟ್ಟೆ ಹಾಸಿ ಪುಸ್ತಕ ಜೋಡಿಸಿ ಕೂತೆ.

ಮೊದಲು ಬಂದವಳು ನಮ್ಮ ಓಣಿಯ ಜಿನ್ನವ್ವ. ತಲೆಯ ಮೇಲೆ ಸೆರಗು ಎಳೆದುಕೊಂಡಳು, ಎರಡೂ ಕೈ ಒಡ್ಡಿ ಪುಸ್ತಕ ತೆಗೆದುಕೊಂಡಳು, ಕಣ್ಣಿಗೆ ಒತ್ತಿಕೊಂಡಳು. ಆಮೇಲೆ "ಯಾರ ಹೆಸರಿಲೆ ಕೊಡಾಕತ್ತಿ, ಪದ್ಮವ್ವಾ?" ಎಂದಳು.

ನೀನು ಪಟ್ಟಣದವಳಾಗಿ ಮರೆತಿರಬಹುದು. ನಮ್ಮಲ್ಲಿ ಪುಸ್ತಕವೆಂದರೆ ಶಾಸ್ತ್ರದಾನ. ಮನೆಯಲ್ಲಿ ಯಾರೋ ತೀರಿಕೊಂಡರೆ, ಯಾರದೋ ವ್ರತ ಮುಗಿದರೆ, ಅಚ್ಚು ಹಾಕಿಸಿ ಬಸದಿಯ ಮುಂದೆ ಹಂಚುತ್ತಾರೆ. ಅಲ್ಲಿ ಪುಸ್ತಕಕ್ಕೆ ರೊಕ್ಕ ಕೇಳಿದವರನ್ನು ನಾನು ಕಂಡಿಲ್ಲ. ಪುಸ್ತಕದ ಹಿಂಬದಿಗೆ ಮುದ್ರಿಸಿದ ಬೆಲೆಯನ್ನು ಹೇಳಬೇಕೆಂದು ಬಾಯಿ ತೆರೆದೆ. ಜಿನ್ನವ್ವ ಇನ್ನೂ ಪುಸ್ತಕವನ್ನು ಹಣೆಗೆ ಹಚ್ಚಿಕೊಂಡೇ ನಿಂತಿದ್ದಳು. "ನಮ್ಮನಿಯವರ ಹೆಸರಿಲೆ" ಎಂದುಬಿಟ್ಟೆ. ಮುಗಿಯಿತು. ಸಾಲು ಹಚ್ಚಿ ನಿಂತು ಎಲ್ಲರೂ ಕೈ ಒಡ್ಡಿದರು, ನಿನ್ನ ಅಜ್ಜನಿಗೆ ಸದ್ಗತಿ ಸಿಗಲಿ ಎಂದರು. ನಾನು ಕೊಡುತ್ತಲೇ ಹೋದೆ. ಒಬ್ಬಳು ಹಿಂದಿನ ರಟ್ಟಿನ ಮೇಲೆ ನೀನು ಗಲ್ಲಕ್ಕೆ ಕೈ ಕೊಟ್ಟು ಕೂತ ಫೋಟೋ ನೋಡಿ, "ಪಾಪ, ಹುಡುಗಿಗಿ ಹಲ್ಲಬ್ಯಾನಿ ಐತೇನ?" ಎಂದಳು. ಬರೆಯುವವರು ಹಾಗೆ ಕೂರುತ್ತಾರೆ ಎಂದೆ.

ಮನೆಗೆ ಒಯ್ದವರು ಕೆಂಪು ವಸ್ತ್ರದಲ್ಲಿ ಸುತ್ತಿ ದೇವರ ಮಾಡದಲ್ಲಿಟ್ಟರು. ಅಲ್ಲಿಗೆ ನಿಂತಿದ್ದರೆ ನನ್ನ ಮಾನವಾದರೂ ಉಳಿಯುತ್ತಿತ್ತು.

ಮರುದಿನ ಮಧ್ಯಾಹ್ನ ಬಸದಿಯಲ್ಲಿ ಶಾಸ್ತ್ರ ಓದಲು ಕೂತಾಗ, ಪಂಚರ ಹಿರಿಯ ಕಾಕಾಸಾಹೇಬ, ಹೊಸದಾಗಿ ದಾನ ಬಂದ ಪುಸ್ತಕವನ್ನೇ ಓದೋಣ ಎಂದು ಮಣೆಯ ಮೇಲೆ ನಿನ್ನ ಪುಸ್ತಕ ಇಟ್ಟ. ನಾವೆಲ್ಲ ಕೈ ಮುಗಿದು ಕೂತೆವು. ಅವನು ತೆಗೆದದ್ದು ಆ ಮಿಸ್ರಿಯ ಕತೆಯನ್ನೇ. ಚಂಪವ್ವ ಎಂಬ ಮುದುಕಿ ಮುನಿಗಳ ಮುಂದೆ ಮಿಸ್ರಿ ಬಿಡುತ್ತೇನೆಂದು ನೇಮ ಹಿಡಿಯುತ್ತಾಳೆ, ಮರುದಿನವೇ ದನದ ಕೊಟ್ಟಿಗೆಯಲ್ಲಿ ಕೂತು ಅದೇ ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲು ತಿಕ್ಕುತ್ತಾಳೆ, ಎಮ್ಮೆಗೆ ಆಣೆ ಹಾಕಿ ಯಾರಿಗೂ ಹೇಳಬೇಡ ಎನ್ನುತ್ತಾಳೆ. ಕಾಕಾಸಾಹೇಬ ಇದನ್ನೂ ಶಾಸ್ತ್ರದ ರಾಗದಲ್ಲೇ ಓದುತ್ತ ಹೋದ. ಎಮ್ಮೆಯ ಹತ್ತಿರ ಬಂದಾಗ ಜಿನ್ನವ್ವ ಮುಗಿದ ಕೈ ಬಿಟ್ಟಳು.

"ಏ, ಇಕಿ ನಮ್ಮ ಪದ್ಮವ್ವ ಅಲ್ಲೇನ ಬೇ?"

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಕಾಕಾಸಾಹೇಬ ಪುಸ್ತಕ ಮುಚ್ಚಿದ. ಅವರು ಬಿಡಲಿಲ್ಲ. "ಯಾಕ ನಿಂತ್ರಿ? ಮುಂದ ಓದ್ರಿ. ಸೊಸಿ ಕೈಯಾಗ ಸಿಕ್ಕಳೋ ಇಲ್ಲೋ?" ಅಂತ ಒಂದೇ ಗದ್ದಲ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತೆ. ಸಿಟ್ಟಿಗೋ ನಗುವಿಗೋ ನನಗೇ ತಿಳಿಯಲಿಲ್ಲ.

ಇಂಥ ಸುಳ್ಳು ಬರೆಯಲು ನಿನಗೆ ಯಾರು ಕಲಿಸಿದರು? ನಾನು ಮಿಸ್ರಿ ಮುಟ್ಟದೆ ಯಾವ ಕಾಲವಾಯಿತು. ಹೆಸರು ಚಂಪವ್ವ ಎಂದು ಬದಲಿಸಿದವಳಿಗೆ, ಅವಳು ನನ್ನ ಹಾಗೆ ಮಾತಾಡುವಾಗ ಎಡಗಣ್ಣು ಮುಚ್ಚುವುದನ್ನು ಬದಲಿಸಲು ಏನಾಗಿತ್ತು? ನಿನ್ನ ಅವ್ವ ಈಗ ಕೊಟ್ಟಿಗೆಗೆ ಹೋಗುವಾಗ ಕೆಮ್ಮಿ ಹೋಗುತ್ತಾಳೆ.

ಆದರೆ ಒಂದು ಮಾತು. ಅವತ್ತಿನಿಂದ ದೇವರ ಮಾಡದಲ್ಲಿದ್ದ ಪುಸ್ತಕಗಳ ಕೆಂಪು ವಸ್ತ್ರ ಬಿಚ್ಚಿದೆ. ಭರಮುವಿನ ಸೊಸೆ ತಂಬಾಕಿನ ಹೊಲದಲ್ಲಿ ಬುತ್ತಿ ಬಿಚ್ಚಿದಾಗ ಓದಿ ಹೇಳುತ್ತಾಳಂತೆ. ದಾರಿಯಲ್ಲಿ ಸಿಕ್ಕವರು ನನ್ನನ್ನು ಚಂಪವ್ವ ಎನ್ನುತ್ತಾರೆ, ಹಾಗೆಂದು ಕೂರಲು ಜಾಗವನ್ನೂ ಕೊಡುತ್ತಾರೆ. ಇದು ಮಾನವೋ ಅವಮಾನವೋ? ಮೊದಲೆಲ್ಲ ಇಂಥದ್ದು ನನಗೆ ಥಟ್ಟನೆ ತಿಳಿಯುತ್ತಿತ್ತು.

ಈಗ ಮುಖ್ಯ ಮಾತು. ಮಂಗಳವಾರ ಕಾಕಾಸಾಹೇಬ ಮನೆಗೆ ಬಂದಿದ್ದ. ಚಹಾ ಕೊಟ್ಟೆ. "ಬರೂ ಚೈತ್ರದಾಗ ನಮ್ಮವ್ವ ತೀರಿಕೊಂಡು ವರ್ಷ ಆಗತೈತ್ರಿ. ನಿಮ್ಮ ಮೊಮ್ಮಗಳ ಪುಸ್ತಕಾನ ಮತ್ತ ಅಚ್ಚ ಹಾಕಸ್ತೀನಿ. ಅಥಣಿ, ಕಾಗವಾಡ ತನಕ ಹಂಚತೀನಿ. ಪ್ರಕಾಶಕರಿಗೆ ಕೊಡೂ ರೊಕ್ಕ ನಂದು, ಈ ಡಬ್ಬೀದೂ ಸೇರಿಸಿ. ಮದಲಿನ ಹಾಳ್ಯಾಗ ಅವ್ವನ ಫೋಟೋ ಬರ್ಲಿ. ಆ ಮಿಸ್ರಿ ಕತಿ ಒಂದ ತಗದಬಿಡ್ಲಿ. ಅವ್ವನ ಹೆಸರಿಲೆ ಹಂಚೂದರಾಗ ತಂಬಾಕ ಯಾಕ್ರಿ?" ಎಂದ. ಹುಡುಗಿಯನ್ನು ಕೇಳಿ ಹೇಳುತ್ತೇನೆ ಎಂದು ಕಳಿಸಿದೆ.

ಹೂಂ ಅಂದರೆ ಎಲ್ಲವೂ ನೆಟ್ಟಗಾಗುತ್ತದೆ. ಪ್ರಕಾಶಕರ ಮುಂದೆ ನೀನು ಸುಳ್ಳುಗಾರ್ತಿಯಾಗುವುದಿಲ್ಲ, ಕಾದಂಬರಿ ಅಚ್ಚಾಗುತ್ತದೆ, ನಿನ್ನ ಅಪ್ಪನ ಬಾಯಿ ಮುಚ್ಚುತ್ತದೆ, ನನ್ನ ಕೊಟ್ಟಿಗೆಯ ಸುದ್ದಿ ಅಥಣಿಗೆ ಹೋಗುವುದಿಲ್ಲ. ಆದರೆ ಕಾಕಾಸಾಹೇಬನ ಅವ್ವನ ಫೋಟೋ ಇದ್ದ ಪುಸ್ತಕವನ್ನು ಯಾರಾದರೂ ಬಿಚ್ಚುತ್ತಾರೆಯೇ? ಕೈ ಮುಗಿದು ಮಾಡದಲ್ಲಿ ಇಡುತ್ತಾರೆ. ಊರೂರಿಗೆ ನಿನ್ನ ಹೆಸರು ಹೋಗುತ್ತದೆ, ಓದುವವರು ಇರುವುದಿಲ್ಲ. ಲೇಖಕಿ ಆಗುವುದು ಎಂದರೆ ಯಾವುದು? ಎಲ್ಲರ ಮನೆಯಲ್ಲಿ ಇರುವುದೋ, ನಾಲ್ಕು ಮನೆಯಲ್ಲಿ ನಗಿಸುವುದೋ? ನೀನು ಕೆಲಸ ಬಿಟ್ಟು ಹೋದದ್ದು ಯಾವುದಕ್ಕೆ ಎಂದು ನಾನು ನಿನ್ನನ್ನು ಕೇಳಿಯೇ ಇಲ್ಲ. ಬೆಳಿಗ್ಗೆ ಹೂಂ ಅನ್ನಿಸುತ್ತದೆ, ರೊಟ್ಟಿ ತಿನ್ನುವ ಹೊತ್ತಿಗೆ ಬೇಡ ಅನ್ನಿಸುತ್ತದೆ. ಕಲಿತವಳು ನೀನು, ನೀನೇ ಹೇಳು. ಹೊತ್ತುಹೊತ್ತಿಗೆ ಉಣ್ಣು. ಮುಂದಿನ ಫೋಟೋದಲ್ಲಿ ಗಲ್ಲದಿಂದ ಕೈ ತೆಗೆ.

ಸಿಟ್ಟಿನಲ್ಲೂ ನಿನ್ನವಳೇ ಆದ
ಅಜ್ಜಿ ಪದ್ಮವ್ವ

ತಾ.ಕ.: ಹುಡುಗಿಯನ್ನು ಕೇಳಿ ಹೇಳುತ್ತೇನೆ ಎಂದು ಕಾಕಾಸಾಹೇಬನಿಗೆ ಹೇಳಿದೆ ಅಂತ ಮೇಲೆ ಬರೆದಿದ್ದೇನೆ. ಹಾಗೆ ಹೇಳಲಿಲ್ಲ. "ನಿಮ್ಮವ್ವನ್ನ ಒಳಗ ಕುಂಡ್ರಸಾಕ ನನ್ನ ಯಾಕ ಹೊರಗ ಹಾಕ್ತಿ? ಅದು ನನ್ನ ಕತಿ, ಇರಲಿ" ಎಂದೆ. ಅವನು ಚಹಾ ಅರ್ಧಕ್ಕೇ ಬಿಟ್ಟು ಹೋದ. ಕೆಲಸ ಕೆಡಿಸಿದವಳು ನಾನೇ. ನೀನು ಪ್ರಕಾಶಕರಿಗೆ ಏನು ಹೇಳುತ್ತೀಯೋ ಹೇಳು, ನನ್ನ ಹೆಸರನ್ನೂ ಹೇಳು. ಆದರೆ ಇನ್ನೊಂದು ಡಬ್ಬಿ ಕಳಿಸು, ಈ ಸಲ ಬಸದಿಯ ಮುಂದೆ ಕೂರುವುದಿಲ್ಲ. ಜಿನ್ನವ್ವನಿಗೆ ಕಾಗವಾಡದ ಮಗಳಿಗೆ ಕಳಿಸಲು ಒಂದು ಬೇಕಂತೆ. ಬೆಲೆ ಹೇಳಿದೆ. "ಪುಸ್ತಕಕ್ಕ ರೊಕ್ಕ ಕೊಡೂದ?" ಎಂದು ಹೋದವಳು ನಿನ್ನೆಯಿಂದ ವಿಚಾರ ಮಾಡುತ್ತಿದ್ದಾಳೆ. ಕೊಡುವ ಹಾಗೆ ಕಾಣುತ್ತಾಳೆ.